ಡಿಸ್ಟಾರ್ಷನ್ ಹಾಕಿದರೆ ಜೇನುಗೂಡಿನ ಸದ್ದು: ಗಿಟಾರ್ ಆಂಪ್ ಮಾಡೆಲರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರ್ ಕೊಂಡು ತಿಂಗಳಾಯಿತು. ಅಭ್ಯಾಸಕ್ಕೆ ಬಿಡುವು ಸಿಗುವುದು ರಾತ್ರಿ ಹನ್ನೊಂದರ ಮೇಲೆ. ಆಂಪ್ ಕೊಳ್ಳದೆ ಬರೀ ಮಾಡೆಲರ್ ಇಟ್ಟುಕೊಂಡು ಕಲಿಯಬಹುದೇ? ಜೊತೆಗೆ ಇನ್ನೇನು ಬೇಕು?

ಉತ್ತರ: ಧಾರಾಳವಾಗಿ ಕಲಿಯಬಹುದು. ಗಾಜಿನ ನಿರ್ವಾತ ಕೊಳವೆಗಳಿಂದ ನಡೆಯುವ ವಾಲ್ವ್ ಆಂಪ್‌ನ ಸೊಗಸು ಬರುವುದೇ ಅದನ್ನು ಜೋರಾಗಿ ಇಟ್ಟಾಗ. ರಾತ್ರಿ ಹೊತ್ತು ಅಷ್ಟು ಜೋರು ಯಾವ ಮನೆಯಲ್ಲೂ ನಡೆಯುವುದಿಲ್ಲ. ಸದ್ದಿನ ಸ್ವಭಾವ ರೂಪಿಸುವ ಪ್ರೀಆಂಪ್, ಅದನ್ನು ಜೋರು ಮಾಡುವ ಪವರ್ ಆಂಪ್, ಸ್ಪೀಕರ್ ಪೆಟ್ಟಿಗೆ, ಅದರ ಮುಂದಿನ ಮೈಕ್ ಈ ನಾಲ್ಕೂ ಸೇರಿ ಗಿಟಾರಿನ ಸಿಗ್ನಲ್‌ಗೆ ಏನು ಮಾಡುತ್ತವೋ ಅದನ್ನು ಮಾಡೆಲರ್ ಲೆಕ್ಕ ಹಾಕಿ ಮಾಡಿಕೊಡುತ್ತದೆ. 1998ರಲ್ಲಿ ಲೈನ್ 6 ಕಂಪನಿಯ ಕೆಂಪು ‘ಪಾಡ್’ ಬಂದಾಗಿನಿಂದ ಮನೆಯಲ್ಲಿ ರೆಕಾರ್ಡ್ ಮಾಡುವವರ ಮೇಜಿನ ಮೇಲೆ ಇಂಥ ಸಾಧನಗಳು ಇವೆ. 2011ರಲ್ಲಿ ಬಂದ ಕೆಂಪರ್, ಇರುವ ಆಂಪ್ ಒಂದರ ಸದ್ದನ್ನೇ ಅಳೆದು ನಕಲು ತೆಗೆದಿಡುವ ದಾರಿಯನ್ನು ಜನಪ್ರಿಯಗೊಳಿಸಿತು. ಈಗ ಅದೇ ಬಗೆಯ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವ ‘ನ್ಯೂರಲ್ ಆಂಪ್ ಮಾಡೆಲರ್’ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ಕಂಪ್ಯೂಟರ್, ಅದಕ್ಕೆ ಗಿಟಾರ್ ಜೋಡಿಸುವ ಆಡಿಯೋ ಇಂಟರ್‌ಫೇಸ್ ಎರಡೂ ನಿಮ್ಮಲ್ಲಿ ಇದ್ದರೆ ತಂತ್ರಾಂಶದಿಂದಲೇ ಶುರು ಮಾಡಬಹುದು. ಆದರೆ ದಿನಾ ಅಭ್ಯಾಸ ಮಾಡುವವರಿಗೆ ನಮ್ಮ ಸಲಹೆ ಪ್ರತ್ಯೇಕ ಸಾಧನವೇ. ಸ್ವಿಚ್ ಹಾಕಿದ ಅರ್ಧ ನಿಮಿಷದಲ್ಲಿ ಗಿಟಾರ್ ನುಡಿಯಬೇಕು. ಕಂಪ್ಯೂಟರ್ ತೆರೆದು, ಅಪ್‌ಡೇಟ್ ಮುಗಿಯಲು ಕಾದು, ಡ್ರೈವರ್ ಹುಡುಕುವಷ್ಟರಲ್ಲಿ ನುಡಿಸುವ ಮನಸ್ಸೇ ಹೋಗಿರುತ್ತದೆ.

ಜೊತೆಗೆ ಬೇಕಾದದ್ದು ಮೂರೇ. ಒಂದು, ಕಿವಿಯನ್ನು ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್. ಓಮ್ಸ್ ಲೆಕ್ಕದಲ್ಲಿ 32ರಿಂದ 80ರ ಒಳಗಿನದು ಇರಲಿ. 250 ಓಮ್ಸ್‌ನ ಸ್ಟುಡಿಯೋ ಹೆಡ್‌ಫೋನ್‌ಗೆ ಸಣ್ಣ ಸಾಧನದ ಶಕ್ತಿ ಸಾಲದೆ ಸದ್ದು ಬಡಕಲಾಗಬಹುದು. ಎರಡು, 3 ಮೀಟರ್ ಉದ್ದದ ಒಳ್ಳೆಯ ಗಿಟಾರ್ ಕೇಬಲ್. ಅದಕ್ಕಿಂತ ತುಂಬ ಉದ್ದವಾದರೆ ಕೇಬಲ್ಲಿನ ಕೆಪಾಸಿಟೆನ್ಸ್ ಟ್ರೆಬಲ್ಲನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ಮೂರು, ಸಾಧನದ ಜೊತೆಗೇ ಬಂದ ಅಡಾಪ್ಟರ್. ಅದು ಕಳೆದುಹೋದರೆ ವೋಲ್ಟ್, ಪ್ಲಸ್–ಮೈನಸ್ ದಿಕ್ಕು, ಮಿಲಿಆಂಪ್ ಮೂರನ್ನೂ ಸಾಧನದ ಹಿಂಬದಿಯಲ್ಲಿ ಓದಿಕೊಂಡೇ ಬೇರೆಯದನ್ನು ತನ್ನಿ. ವೋಲ್ಟ್ ಮತ್ತು ದಿಕ್ಕು ತಪ್ಪಲೇಬಾರದು, ಮಿಲಿಆಂಪ್ ಬರೆದದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ. 100 ಮಿಲಿಆಂಪ್‌ನ ಸಾಮಾನ್ಯ ಪೆಡಲ್ ಅಡಾಪ್ಟರ್ 500 ಕೇಳುವ ಮಾಡೆಲರ್‌ಗೆ ಸಾಲುವುದಿಲ್ಲ. ಸಾಧನ ಆನ್ ಆಗಿ ಆಫ್ ಆಗುತ್ತಿರುತ್ತದೆ, ನೀವು ಸಾಧನವೇ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನ್ ಇದೆ. ಅದು ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಹಾಡು ಕೇಳುವಾಗ ಅದು ಗೊತ್ತಾಗುವುದಿಲ್ಲ, ನುಡಿಸುವಾಗ ಬೆರಳೂ ತಾಳವೂ ಬೇರೆ ಬೇರೆಯಾಗುತ್ತವೆ. ಮಾಡೆಲರ್‌ನಲ್ಲೇ ಬ್ಲೂಟೂತ್ ಇದ್ದರೆ ಫೋನಿನಿಂದ ಹಿನ್ನೆಲೆ ಸಂಗೀತವನ್ನು ಒಳಗೆ ತರಲು ಅದನ್ನು ಬಳಸಿ. ಅಲ್ಲಿ ತಡ ಆದರೂ ಪರವಾಗಿಲ್ಲ, ನೀವು ಕೇಳಿದ ತಾಳಕ್ಕೇ ನುಡಿಸುತ್ತೀರಿ.

ಪ್ರಶ್ನೆ: ಕ್ಲೀನ್ ಸದ್ದು ಚೆನ್ನಾಗಿದೆ. ಡಿಸ್ಟಾರ್ಷನ್ ಹಾಕಿದ ತಕ್ಷಣ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಂಯ್ ಅನ್ನುತ್ತದೆ. ಟ್ರೆಬಲ್ ಪೂರ್ತಿ ಇಳಿಸಿದರೂ ಹೋಗುವುದಿಲ್ಲ. ಗೆಳೆಯನ ಆಂಪ್‌ಗೆ ಅದೇ ಸಾಧನ ಜೋಡಿಸಿದಾಗ ಸರಿಯಿತ್ತು.

ಉತ್ತರ: ಕಾರಣ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಗೆಳೆಯನ ಆಂಪ್‌ನಲ್ಲಿ ಗಿಟಾರ್ ಸ್ಪೀಕರ್ ಇತ್ತು, ನಿಮ್ಮ ಹೆಡ್‌ಫೋನ್‌ನಲ್ಲಿ ಅದಿಲ್ಲ. ನಿಮ್ಮ ಪ್ರಿಸೆಟ್‌ನಲ್ಲಿ (ಸಾಧನದಲ್ಲಿ ಉಳಿಸಿಟ್ಟ ಸದ್ದಿನ ಜೋಡಣೆ) ಸ್ಪೀಕರ್ ಪೆಟ್ಟಿಗೆಯ ಕೆಲಸ ಮಾಡುವ ‘ಕ್ಯಾಬ್’ ಎನ್ನುವ ಬ್ಲಾಕ್ ಆಫ್ ಆಗಿದೆ, ಅಥವಾ ಇಲ್ಲವೇ ಇಲ್ಲ.

12 ಇಂಚಿನ ಗಿಟಾರ್ ಸ್ಪೀಕರ್ ಹಾಡು ಕೇಳುವ ಸ್ಪೀಕರಿನಂತಲ್ಲ. ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಅದು ಸದ್ದನ್ನು ಕಡಿದೇ ಹಾಕುತ್ತದೆ. ಡಿಸ್ಟಾರ್ಷನ್ ಎಂದರೆ ಸಿಗ್ನಲ್ಲಿನ ನೆತ್ತಿ ಕತ್ತರಿಸುವುದು. ಕತ್ತರಿಸಿದಾಗ ಮೇಲಿನ ಸ್ವರಾಂಶಗಳು ರಾಶಿ ರಾಶಿ ಹುಟ್ಟುತ್ತವೆ. ಸ್ಪೀಕರ್ ಅವನ್ನೆಲ್ಲ ತಡೆದು ನಿಲ್ಲಿಸುವುದರಿಂದಲೇ ನಮಗೆ ಅದು ‘ಗಿಟಾರ್’ ಎಂದು ಕೇಳುತ್ತದೆ. ಆ ತಡೆ ಇಲ್ಲದಿದ್ದರೆ ಉಳಿಯುವುದೇ ನೀವು ಹೇಳಿದ ಜೇನ್ನೊಣ. ಕ್ಲೀನ್ ಸದ್ದಿನಲ್ಲಿ ಆ ಮೇಲಿನ ಅಂಶಗಳು ಕಡಿಮೆ, ಹಾಗಾಗಿ ಅಲ್ಲಿ ದೋಷ ಮರೆಯಾಗಿತ್ತು. ಆಂಪ್‌ನ ಟ್ರೆಬಲ್ ನಾಬ್ ಇಳಿಜಾರು ಮಾಡಬಲ್ಲದೇ ಹೊರತು ಗೋಡೆ ಕಟ್ಟಲಾರದು. ಅದಕ್ಕೇ ಇಳಿಸಿದರೂ ಹೋಗಲಿಲ್ಲ.

ಆಂಪ್ ಬ್ಲಾಕ್ ಆದ ಕೂಡಲೆ ಕ್ಯಾಬ್ ಬ್ಲಾಕ್ ಹಾಕಿ. ಕೆಲವು ಸಾಧನಗಳಲ್ಲಿ ಇದರ ಹೆಸರು ‘ಐಆರ್’ ಎಂದಿರುತ್ತದೆ. ಅದು ಒಂದು ಸ್ಪೀಕರ್ ಮತ್ತು ಮೈಕ್ ಜೋಡಿಯ ಗುರುತನ್ನು ಹಿಡಿದಿಟ್ಟ ಪುಟ್ಟ ವೇವ್ ಫೈಲ್. 48 ಕಿಲೋಹರ್ಟ್ಸ್‌ನಲ್ಲಿ 2048 ಸ್ಯಾಂಪಲ್ ಎಂದರೆ ಹೆಚ್ಚುಕಡಿಮೆ 43 ಮಿಲಿಸೆಕೆಂಡ್, ಅಷ್ಟೇ. ಆದರೆ ಸದ್ದಿನ ಸ್ವಭಾವವನ್ನು ಆಂಪ್ ಬದಲಿಸುವುದಕ್ಕಿಂತ ಹೆಚ್ಚಾಗಿ ಬದಲಿಸುವುದು ಇದೇ. ಆಂಪ್ ಮಾದರಿಗಳನ್ನು ಒಂದಾದ ಮೇಲೊಂದು ತಿರುವಿ ಹಾಕುವವರು ಒಮ್ಮೆ ಆಂಪ್ ಹಾಗೇ ಬಿಟ್ಟು ಕ್ಯಾಬ್ ಮಾತ್ರ ಬದಲಿಸಿ ನೋಡಬೇಕು. ಮೈಕ್ ಜಾಗ ಬದಲಿಸುವ ಸೌಲಭ್ಯ ಇದ್ದರೆ, ಸ್ಪೀಕರಿನ ನಡುವಿನಿಂದ ಅಂಚಿನ ಕಡೆಗೆ ಒಂದೆರಡು ಇಂಚು ಸರಿಸಿ. ಕರ್ಕಶತೆ ಅಲ್ಲೇ ಅರ್ಧ ಇಳಿಯುತ್ತದೆ.

ಗೆಳೆಯನ ಆಂಪ್‌ಗೆ ಮತ್ತೆ ಜೋಡಿಸುವಾಗ ಕ್ಯಾಬ್ ಆಫ್ ಮಾಡಿ. ಎರಡು ಸ್ಪೀಕರ್ ಒಂದರ ಮೇಲೊಂದು ಬಿದ್ದರೆ ಕಂಬಳಿ ಹೊದಿಸಿದ ಸದ್ದು ಬರುತ್ತದೆ. ಆ ಆಂಪ್‌ನಲ್ಲಿ ‘ಎಫ್‌ಎಕ್ಸ್ ರಿಟರ್ನ್’ (ನೇರವಾಗಿ ಪವರ್ ಆಂಪ್‌ಗೆ ಹೋಗುವ ಕಿಂಡಿ) ಇದ್ದರೆ ಮುಂದಿನ ಇನ್‌ಪುಟ್ ಬದಲು ಅದಕ್ಕೇ ಕೊಡಿ. ಆಗ ಆಂಪ್‌ನ ಪ್ರೀಆಂಪ್ ನಡುವೆ ಬರುವುದಿಲ್ಲ. ಒಂದು ಎಚ್ಚರಿಕೆ: ಆಂಪ್‌ನ ಸ್ಪೀಕರ್ ಔಟ್‌ನಿಂದ ಮಾಡೆಲರ್‌ನ ಇನ್‌ಪುಟ್‌ಗೆ ಎಂದೂ ವೈರ್ ಎಳೆಯಬೇಡಿ, ಮಾಡೆಲರ್ ಸುಟ್ಟುಹೋಗುತ್ತದೆ. ವಾಲ್ವ್ ಆಂಪ್ ಆದರೆ ಅದರ ಸ್ಪೀಕರ್ ಕಳಚಿದ್ದಕ್ಕೆ ಅದೂ ಹಾಳಾಗಬಹುದು.

ಪ್ರಶ್ನೆ: ಸಾಧನದಲ್ಲಿ ನೂರಾರು ಪ್ರಿಸೆಟ್ ಇವೆ. ಹೆಡ್‌ಫೋನ್‌ನಲ್ಲಿ ಅದ್ಭುತ ಅನಿಸಿದ್ದು, ಸ್ಪೀಕರಿನಲ್ಲಿ ಹಾಡಿನ ಜೊತೆ ನುಡಿಸಿದರೆ ಎಲ್ಲೋ ಹಿಂದೆ ಹೂತುಹೋಗುತ್ತದೆ. ನಾನೇ ಸದ್ದು ಕಟ್ಟಿಕೊಳ್ಳುವುದು ಹೇಗೆ?

ಉತ್ತರ: ಕಂಪನಿಯ ಪ್ರಿಸೆಟ್‌ಗಳು ಅಂಗಡಿಯಲ್ಲಿ ಒಂಟಿಯಾಗಿ ನುಡಿಸಿದಾಗ ಗ್ರಾಹಕ ತಲೆದೂಗಲಿ ಎಂದು ಮಾಡಿದವು. ರಿವರ್ಬ್ (ಕೋಣೆಯ ಅನುರಣನ), ಡಿಲೇ (ಮರುದನಿ), ಗೇನ್ (ಸದ್ದು ಒಡೆಯುವ ಪ್ರಮಾಣ), ಬೇಸ್ ಎಲ್ಲವೂ ಅಲ್ಲಿ ಒಂದು ಹಿಡಿ ಹೆಚ್ಚು. ಜೊತೆಗೆ ನಮ್ಮ ಕಿವಿಯ ಸ್ವಭಾವವೂ ಇದೆ. ಸದ್ದು ಮೆಲ್ಲಗಿದ್ದಾಗ ಬೇಸ್ ಮತ್ತು ಟ್ರೆಬಲ್ ನಮಗೆ ಕಡಿಮೆ ಕೇಳಿಸುತ್ತವೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ರಾತ್ರಿ ಮೆಲ್ಲಗೆ ಇಟ್ಟುಕೊಂಡು ಬೇಸ್, ಟ್ರೆಬಲ್ ಏರಿಸಿ, ಮಿಡ್ ಇಳಿಸಿ ‘ತುಂಬಿದ’ ಸದ್ದು ಕಟ್ಟುತ್ತೀರಿ. ಜೋರು ಮಾಡಿದಾಗ ಬೇಸ್ ಗುಡುಗುತ್ತದೆ, ಟ್ರೆಬಲ್ ಚುಚ್ಚುತ್ತದೆ. ಗಿಟಾರಿನ ಮಾತು ಇರುವುದು ಮಿಡ್‌ನಲ್ಲಿ, ಅದನ್ನೇ ನೀವು ತೆಗೆದುಬಿಟ್ಟಿರುತ್ತೀರಿ. ಬೇಸ್ ಗಿಟಾರ್, ಡ್ರಮ್ಸ್ ಬಂದ ಕೂಡಲೆ ಗಿಟಾರ್ ಹೂತುಹೋಗದೆ ಏನಾದೀತು?

ಖಾಲಿ ಪ್ರಿಸೆಟ್ ಒಂದನ್ನು ತೆರೆಯಿರಿ. ಆಂಪ್ ಮತ್ತು ಕ್ಯಾಬ್ ಎರಡೇ ಹಾಕಿ. ಬೇಸ್, ಮಿಡ್, ಟ್ರೆಬಲ್ ಎಲ್ಲ ನಡುವಿಗೆ. ಗೇನ್ ಮೂರರಲ್ಲಿ ಇಟ್ಟು, ಪಕ್ಕದಲ್ಲಿ ಕೂತವರ ಜೊತೆ ದನಿ ಏರಿಸಿ ಮಾತಾಡಬೇಕಾದಷ್ಟು ಜೋರಿನಲ್ಲಿ ಒಂದು ಕಾರ್ಡ್ ನುಡಿಸಿ. ಅದೇ ಕಾರ್ಡನ್ನು ಮೊದಲು ಬೆರಳ ತುದಿಯಿಂದ ಮೆಲ್ಲಗೆ, ಆಮೇಲೆ ಪಿಕ್‌ನಿಂದ ಜೋರಾಗಿ. ಮೆಲ್ಲಗೆ ನುಡಿಸಿದಾಗ ಆರೂ ತಂತಿ ಬಿಡಿಬಿಡಿಯಾಗಿ ಕೇಳಬೇಕು, ಜೋರಾಗಿ ಹೊಡೆದಾಗ ಅಂಚು ಒಡೆಯಬೇಕು. ಎರಡೂ ಒಂದೇ ಥರ ಕೇಳಿದರೆ ಗೇನ್ ಹೆಚ್ಚಾಗಿದೆ. ಈಗ ಗಿಟಾರಿನ ವಾಲ್ಯೂಮ್ ನಾಬನ್ನು 10ರಿಂದ 6ಕ್ಕೆ ಇಳಿಸಿ. ಸದ್ದು ತಿಳಿಯಾಗಬೇಕು, ಸಾಯಬಾರದು. ಈ ಒಂದು ನಾಬ್ ಕೈಗೆ ಬಂದರೆ ಹತ್ತು ಪ್ರಿಸೆಟ್ ಮಾಡುವ ಕೆಲಸ ತಪ್ಪುತ್ತದೆ.

ಆಮೇಲೆ ಬೇಕಾದದ್ದನ್ನು ಒಂದೊಂದಾಗಿ ಸೇರಿಸಿ. ಸದ್ದನ್ನು ಹದವಾಗಿ ಒಡೆಯುವ ಓವರ್‌ಡ್ರೈವ್ ಆಂಪ್‌ಗೆ ಮುಂಚೆ, ಡಿಲೇ ಮತ್ತು ರಿವರ್ಬ್ ಕ್ಯಾಬ್ ಆದ ಮೇಲೆ. ಡಿಲೇಯನ್ನು ಡಿಸ್ಟಾರ್ಷನ್‌ಗಿಂತ ಮೊದಲು ಇಟ್ಟರೆ ಪ್ರತಿ ಮರುದನಿಯೂ ಒಡೆದು ಕಲಸುಮೇಲೋಗರವಾಗುತ್ತದೆ. ಕೊನೆಗೆ ಈಕ್ಯೂ (ಸದ್ದಿನ ಬೇರೆ ಬೇರೆ ಭಾಗಗಳನ್ನು ಏರಿಸಿ ಇಳಿಸುವ ಬ್ಲಾಕ್) ಇಟ್ಟು 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನೂ 8ರಿಂದ 10 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸಿ. ಗಿಟಾರಿನ ದಪ್ಪ ಇ ತಂತಿಯೇ 82 ಹರ್ಟ್ಸ್, ಅದಕ್ಕಿಂತ ಕೆಳಗೆ ಇರುವುದು ಬರೀ ಗುಡುಗುಡು. ಈ ಒಂದೇ ಸದ್ದಿನಲ್ಲಿ ಒಂದು ತಿಂಗಳು ನುಡಿಸಿ ಎಂಬುದು ನಮ್ಮ ಕಳಕಳಿಯ ಮಾತು. ಪ್ರಿಸೆಟ್ ಹುಡುಕಾಟದಲ್ಲಿ ಸಂಜೆಗಳು ಕಳೆದು, ಕೈ ಮಾತ್ರ ಇದ್ದಲ್ಲೇ ಇರುವುದನ್ನು ಬಹಳ ಜನರಲ್ಲಿ ಕಾಣುತ್ತೇವೆ.

ಪ್ರಶ್ನೆ: ಮಾಡೆಲರನ್ನು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಜೋಡಿಸಿ ರೆಕಾರ್ಡ್ ಮಾಡುವಾಗ ನನ್ನ ಗಿಟಾರ್ ಎರಡೆರಡು ಸಲ ಕೇಳಿಸುತ್ತದೆ. ಕೆಲವೊಮ್ಮೆ ಚಟಪಟ ಸದ್ದೂ ಬರುತ್ತದೆ.

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ. ಎರಡೆರಡು ಸಲ ಕೇಳುವುದಕ್ಕೆ ಕಾರಣ, ಒಂದು ಸದ್ದು ಮಾಡೆಲರ್‌ನಿಂದ ನೇರವಾಗಿ ಹೆಡ್‌ಫೋನ್‌ಗೆ ಬರುತ್ತಿದೆ, ಇನ್ನೊಂದು ಕಂಪ್ಯೂಟರ್ ಸುತ್ತಿ ತಡವಾಗಿ ಬರುತ್ತಿದೆ. ರೆಕಾರ್ಡಿಂಗ್ ತಂತ್ರಾಂಶದ ಟ್ರ್ಯಾಕ್‌ನಲ್ಲಿ ‘ಮಾನಿಟರ್’ ಗುಂಡಿಯನ್ನು ಆಫ್ ಮಾಡಿ, ನೇರ ಸದ್ದನ್ನು ಮಾತ್ರ ಕೇಳಿ. ಟ್ರ್ಯಾಕ್ ರೆಕಾರ್ಡ್ ಆಗುವುದಕ್ಕೆ ಅದರಿಂದ ಅಡ್ಡಿಯಿಲ್ಲ.

ಆಂಪ್ ತಂತ್ರಾಂಶ ಕಂಪ್ಯೂಟರಿನಲ್ಲೇ ಇದ್ದರೆ ಮಾತ್ರ ಇದರ ಉಲ್ಟಾ: ನೇರ ಸದ್ದನ್ನು ಮುಚ್ಚಿ, ಕಂಪ್ಯೂಟರಿನದನ್ನು ಕೇಳಬೇಕು. ಆಗ ತಡ ಎಷ್ಟು ಎಂಬುದು ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕು) ಮೇಲೆ ನಿಂತಿದೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಎಂದರೆ ಒಳಗೆ ಬರಲು 2.7 ಮಿಲಿಸೆಕೆಂಡ್, ಹೊರಗೆ ಹೋಗಲು ಮತ್ತಷ್ಟೇ, ಡ್ರೈವರ್ ಮತ್ತು ಪರಿವರ್ತನೆಯದು ಅದರ ಮೇಲೆ. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡ್‌ಗೆ 34 ಸೆಂಟಿಮೀಟರ್ ಹೋಗುತ್ತದೆ. ಹಾಗಾಗಿ 9 ಮಿಲಿಸೆಕೆಂಡ್ ತಡ ಎಂದರೆ ಆಂಪ್‌ನಿಂದ 3 ಮೀಟರ್ ದೂರ ನಿಂತಂತೆ, ನುಡಿಸಲು ಅಡ್ಡಿಯಿಲ್ಲ. 20 ದಾಟಿದರೆ ಬಹಳಷ್ಟು ಜನರ ಕೈ ಎಡವುತ್ತದೆ.

ಚಟಪಟ ಎನ್ನುವುದು ಬಫರ್ ತೀರಾ ಚಿಕ್ಕದಾಗಿ ಕಂಪ್ಯೂಟರ್ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಲಾರದ್ದರ ಸದ್ದು. 64 ಇದ್ದರೆ 128, ಆಮೇಲೆ 256 ಮಾಡಿ. ವಿಂಡೋಸ್ ಆದರೆ ಸಾಧನದ ಕಂಪನಿಯೇ ಕೊಡುವ, ತಡ ಕಡಿಮೆ ಮಾಡುವ ಆಸಿಯೋ (ASIO) ಡ್ರೈವರ್ ಹಾಕಿ. ಸಾಧನ 48 ಕಿಲೋಹರ್ಟ್ಸ್‌ನಲ್ಲಿದ್ದು ರೆಕಾರ್ಡಿಂಗ್ ಪ್ರಾಜೆಕ್ಟ್ 44.1ರಲ್ಲಿದ್ದರೂ ಹೀಗೇ ಕಾಟ ಕೊಡುತ್ತದೆ, ಎರಡನ್ನೂ ಒಂದೇ ಮಾಡಿ. ಯುಎಸ್‌ಬಿ ಹಬ್ ತೆಗೆದು ನೇರವಾಗಿ ಕಂಪ್ಯೂಟರ್‌ಗೇ ಚುಚ್ಚಿ.

ಪ್ರಶ್ನೆ: ರೆಕಾರ್ಡಿಂಗ್ ಲೆವೆಲ್ ಎಷ್ಟಿರಬೇಕು? ‘ಡ್ರೈ ಟ್ರ್ಯಾಕ್’ ಕೂಡ ಇಟ್ಟುಕೊಳ್ಳಿ ಅನ್ನುತ್ತಾರಲ್ಲ, ಏಕೆ?

ಉತ್ತರ: ನಿಮ್ಮ ಕೈಲಾದಷ್ಟು ಜೋರಾಗಿ ಹೊಡೆದಾಗ ಮೀಟರ್ ಮೈನಸ್ 12ರಿಂದ ಮೈನಸ್ 6 ಡಿಬಿ ಒಳಗೆ ನಿಲ್ಲಲಿ. 24 ಬಿಟ್‌ನಲ್ಲಿ ಮೆಲ್ಲಗೆ ರೆಕಾರ್ಡ್ ಆದರೆ ನಷ್ಟವಿಲ್ಲ, ಸೊನ್ನೆ ಮುಟ್ಟಿ ಒಡೆದದ್ದನ್ನು ಮಾತ್ರ ಸರಿಮಾಡಲು ಬರುವುದಿಲ್ಲ. ಆಡಿಯೋ ಇಂಟರ್‌ಫೇಸ್‌ಗೆ ಗಿಟಾರನ್ನೇ ನೇರ ಜೋಡಿಸುವವರು ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝೀ’ ಸ್ವಿಚ್ ಒತ್ತುವುದನ್ನು ಮರೆಯಬೇಡಿ. ಗಿಟಾರಿನ ಪಿಕಪ್‌ಗೆ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು. ಮೈಕ್ ಅಥವಾ ಲೈನ್ ಇನ್‌ಪುಟ್‌ನಲ್ಲಿ ಅದರ ಟ್ರೆಬಲ್ ಸತ್ತುಹೋಗುತ್ತದೆ.

ಡ್ರೈ ಟ್ರ್ಯಾಕ್ ಎಂದರೆ ಆಂಪ್, ಕ್ಯಾಬ್ ಯಾವುದೂ ತಾಗದ ಗಿಟಾರಿನ ಬರೀ ಸಿಗ್ನಲ್. ಬಹಳಷ್ಟು ಮಾಡೆಲರ್‌ಗಳು ಅದನ್ನು ಯುಎಸ್‌ಬಿಯ ಬೇರೆ ಚಾನೆಲ್‌ನಲ್ಲಿ ಕಳಿಸುತ್ತವೆ, ಯಾವ ಚಾನೆಲ್ ಎಂಬುದು ಕೈಪಿಡಿಯಲ್ಲಿದೆ. ಎರಡು ಟ್ರ್ಯಾಕ್ ತೆರೆದು ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ. ಒಂದು ವಾರ ಬಿಟ್ಟು ಗೇನ್ ಜಾಸ್ತಿಯಾಯಿತು ಅನಿಸಿದರೆ ಮತ್ತೆ ನುಡಿಸಬೇಕಿಲ್ಲ, ಅದೇ ಡ್ರೈ ಟ್ರ್ಯಾಕನ್ನು ಮಾಡೆಲರ್‌ಗೆ ಹಿಂದಿರುಗಿಸಿ ಬೇರೆ ಸದ್ದಿನಲ್ಲಿ ಹಿಡಿಯಬಹುದು. ಇದಕ್ಕೆ ರೀಆಂಪಿಂಗ್ ಎನ್ನುತ್ತಾರೆ. ಹೊಸಬರಿಗೆ ಇದರ ಇನ್ನೊಂದು ಉಪಕಾರ ನಮಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ: ಡ್ರೈ ಟ್ರ್ಯಾಕನ್ನು ಒಂಟಿಯಾಗಿ ಕೇಳಿ ನೋಡಿ. ತಾಳ ಎಲ್ಲಿ ತಪ್ಪಿದೆ, ಯಾವ ತಂತಿ ಸರಿಯಾಗಿ ಒತ್ತಿಲ್ಲ, ಡಿಸ್ಟಾರ್ಷನ್ ಏನೇನು ಮುಚ್ಚಿಟ್ಟಿತ್ತು ಎಲ್ಲವೂ ಅಲ್ಲಿ ಕೇಳುತ್ತದೆ.

ಪ್ರಶ್ನೆ: ರಿದಮ್ ಗಿಟಾರ್ ಅಗಲವಾಗಿ ಕೇಳಲೆಂದು ಟ್ರ್ಯಾಕ್ ಕಾಪಿ ಮಾಡಿ ಎಡಕ್ಕೊಂದು ಬಲಕ್ಕೊಂದು ಹಾಕಿದೆ. ಏನೂ ಬದಲಾಗಲಿಲ್ಲ.

ಉತ್ತರ: ಎರಡೂ ಒಂದೇ ಆದ್ದರಿಂದ ಕಿವಿಗೆ ನಡುವಿನಲ್ಲೇ ಕೇಳುತ್ತದೆ, ಸ್ವಲ್ಪ ಜೋರಾಗಿ. ಅಗಲ ಬರುವುದು ಎರಡು ಸಲದ ಸಣ್ಣ ಸಣ್ಣ ವ್ಯತ್ಯಾಸಗಳಿಂದ. ಎರಡನೆಯ ಸಲ ನಿಜವಾಗಿಯೂ ನುಡಿಸಿ. ಗೇನ್ ಒಂಟಿ ಟ್ರ್ಯಾಕಿಗಿಂತ ಕಡಿಮೆ ಇಡಿ, ಎರಡು ಸೇರಿದಾಗ ತಾನೇ ದಪ್ಪವಾಗುತ್ತದೆ. ಎರಡನೆಯದಕ್ಕೆ ಬೇರೆ ಕ್ಯಾಬ್ ಹಾಕಿದರೆ ಇನ್ನೂ ಚೆನ್ನ.

ಪ್ರಶ್ನೆ: ನುಡಿಸದೆ ಇದ್ದಾಗಲೂ ಹಮ್ ಸದ್ದು. ಮೆಲ್ಲಗಿನ ಸದ್ದನ್ನು ಮುಚ್ಚಿಹಾಕುವ ನಾಯ್ಸ್ ಗೇಟ್ ಹಾಕಿದರೆ ಸ್ವರಗಳು ನಡುವೆಯೇ ಕಡಿದುಹೋಗುತ್ತವೆ.

ಉತ್ತರ: ಗೇಟ್ ಮುಟ್ಟುವ ಮೊದಲು ಹಮ್ ಎಲ್ಲಿಂದ ಬರುತ್ತಿದೆ ನೋಡಿ. ಗಿಟಾರ್ ಹಿಡಿದು ಕೂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಹಮ್ ಕಡಿಮೆಯಾದರೆ ಪಿಕಪ್ ಹತ್ತಿರದ ಅಡಾಪ್ಟರ್, ಡಿಮ್ಮರ್, ಕಂಪ್ಯೂಟರ್‌ಗಳಿಂದ ಅದನ್ನು ಹಿಡಿಯುತ್ತಿದೆ. ಒಂದೇ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್‌ಗೆ ಇದು ಹುಟ್ಟುಗುಣ. ಆ ದಿಕ್ಕಿಗೆ ಕೂತು ನುಡಿಸಿ, ಕಂಪ್ಯೂಟರಿನಿಂದ ಒಂದು ಮೀಟರ್ ದೂರ ಸರಿಯಿರಿ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಸಹಜ, ಮುಟ್ಟಿದಾಗ ಹೆಚ್ಚಾದರೆ ಗಿಟಾರಿನ ಅರ್ತ್ ವೈರ್ ಪರೀಕ್ಷಿಸಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ತಕ್ಷಣ ಸದ್ದು ಹೋದರೆ ಅದು ಗ್ರೌಂಡ್ ಲೂಪ್ (ಎರಡು ಅರ್ತ್ ದಾರಿಗಳು ಸೇರಿ ಆದ ಸುತ್ತು). ಎರಡೂ ಸಾಧನಗಳನ್ನು ಒಂದೇ ಪ್ಲಗ್ ಪಟ್ಟಿಗೆ ಹಾಕಿ ನೋಡಿ, ಅದಕ್ಕೂ ಹೋಗದಿದ್ದರೆ ರೆಕಾರ್ಡ್ ಮಾಡುವಷ್ಟು ಹೊತ್ತು ಬ್ಯಾಟರಿಯಲ್ಲಿ ನಡೆಸಿ. ಅರ್ತ್ ಪಿನ್ ಕತ್ತರಿಸುವ ಉಪಾಯ ಯಾರು ಹೇಳಿದರೂ ಕೇಳಬೇಡಿ, ಅದು ಪ್ರಾಣಾಪಾಯ.

ಇಷ್ಟಾದ ಮೇಲೂ ಉಳಿದದ್ದಕ್ಕೆ ಗೇಟ್. ಅದನ್ನು ಸಾಲಿನ ಮೊದಲಿಗೆ, ಡಿಸ್ಟಾರ್ಷನ್‌ಗಿಂತ ಮುಂಚೆ ಇಡಿ. ಗಿಟಾರಿನ ವಾಲ್ಯೂಮ್ ಪೂರ್ತಿ ಏರಿಸಿ, ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಿರಿ. ಥ್ರೆಶೋಲ್ಡನ್ನು (ಯಾವ ಮಟ್ಟಕ್ಕಿಂತ ಕೆಳಗೆ ಗೇಟ್ ಮುಚ್ಚಬೇಕು ಎಂಬುದು) ಕೆಳಗಿನಿಂದ ಮೇಲಕ್ಕೆ ತಂದು, ಹಮ್ ಮಾಯವಾದ ಜಾಗದಲ್ಲೇ ನಿಲ್ಲಿಸಿ. ಆಮೇಲೆ ಒಂದು ಸ್ವರ ಮೀಟಿ, ಅದು ತಾನಾಗಿ ಆರುವವರೆಗೆ ಹಿಡಿದಿಡಿ. ಬಾಲ ತಟಕ್ಕನೆ ತುಂಡಾದರೆ ಥ್ರೆಶೋಲ್ಡ್ 3 ಡಿಬಿ ಇಳಿಸಿ, ರಿಲೀಸ್ ಸಮಯ (ಗೇಟ್ ಮುಚ್ಚಲು ಹಿಡಿಯುವ ಹೊತ್ತು) ಹೆಚ್ಚಿಸಿ.