ಸೂಪ್ ಕುಡಿದರೂ ತೂಕ ಇಳಿಯುವುದಿಲ್ಲ, ಯಾಕೆ?

ಪ್ರಶ್ನೆ: ಎರಡು ತಿಂಗಳಿಂದ ರಾತ್ರಿ ಅನ್ನ ಬಿಟ್ಟು ಸೂಪ್ ಕುಡಿಯುತ್ತಿದ್ದೇನೆ. ಬಟಾಟೆ, ಕ್ಯಾರೆಟ್, ಟೊಮೆಟೊ ಬೇಯಿಸಿ, ರುಬ್ಬಿ ಸೋಸಿ, ಕಾರ್ನ್‌ಫ್ಲೋರ್ ಮತ್ತು ಒಂದು ದೊಡ್ಡ ಚಮಚ ಬೆಣ್ಣೆ ಹಾಕುತ್ತೇನೆ. ತೂಕ ಇದ್ದಲ್ಲೇ ಇದೆ. ಹತ್ತೂವರೆಗೆ ಪುನಃ ಹಸಿವು.
– ಓದುಗರು, ಕದ್ರಿ

ಉತ್ತರ: ಹಸಿವಾಗದೆ ಇನ್ನೇನು! ನಾರು ಜರಡಿಯಲ್ಲಿ ಉಳಿಯಿತು, ಪ್ರೋಟೀನ್ ಮೊದಲೇ ಇಲ್ಲ. ಬೆಣ್ಣೆಯೊಂದರಲ್ಲೇ ಸುಮಾರು 100 ಕ್ಯಾಲೊರಿ. 100 ಗ್ರಾಂ ಬಟಾಟೆಯಲ್ಲಿ 75ರ ಆಸುಪಾಸು ಇದ್ದರೆ, ಅಷ್ಟೇ ತೂಕದ ಸೋರೆಕಾಯಿಯಲ್ಲಿ 15 ಮಾತ್ರ. ನಮ್ಮ ಮಂಗಳೂರು ಸೌತೆಯೂ ಹಾಗೆಯೇ ನೀರಿನಂಶದ ತರಕಾರಿ. ಸೂಪಿನ ಬುಡಕ್ಕೆ ಇವೆರಡರಲ್ಲಿ ಒಂದು ಸಾಕು.

ನಾಲ್ಕು ಬಟ್ಟಲಿಗೆ ಲೆಕ್ಕ ಹೀಗೆ: ಸಿಪ್ಪೆ, ಬೀಜದ ತಿರುಳು ತೆಗೆದ ಸೌತೆ 300 ಗ್ರಾಂ, 20 ನಿಮಿಷ ನೆನೆಸಿದ ಹೆಸರುಬೇಳೆ ಎರಡು ದೊಡ್ಡ ಚಮಚ, ಟೊಮೆಟೊ ಒಂದು, ಸಣ್ಣ ನೀರುಳ್ಳಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಅರ್ಧ ಇಂಚು ಶುಂಠಿ. ಇದಲ್ಲದೆ ಕ್ಯಾರೆಟ್ ಒಂದು, ಅಲಸಂಡೆ 100 ಗ್ರಾಂ, ಕ್ಯಾಬೇಜ್ 100 ಗ್ರಾಂ ಸಣ್ಣಗೆ ಹೆಚ್ಚಿ ಬೇರೆ ಇಡಿ.

ಕುಕ್ಕರಿನಲ್ಲಿ ಒಂದೇ ಚಹಾ ಚಮಚ ತೆಂಗಿನೆಣ್ಣೆ. ನೀರುಳ್ಳಿಗೆ ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ. ಉಪ್ಪಿಗೆ ಅದು ನೀರು ಬಿಡುತ್ತದೆ, ಹಾಗಾಗಿ ತಳ ಹಿಡಿಯುತ್ತದೆಂದು ಎಣ್ಣೆ ಹೆಚ್ಚು ಸುರಿಯಬೇಕಿಲ್ಲ. ಬೆಳ್ಳುಳ್ಳಿ, ಶುಂಠಿ, ಬೇಳೆ, ಸೌತೆ, ಟೊಮೆಟೊ, ಮೂರು ಕಪ್ ನೀರು ಸೇರಿಸಿ ಮೂರು ವಿಸಿಲ್ ಕೂಗಿಸಿ. ಪೂರ್ತಿ ತಣಿದ ಮೇಲೆಯೇ ಮಿಕ್ಸಿಗೆ ಹಾಕಿ. ಬಿಸಿಬಿಸಿ ರುಬ್ಬಿದರೆ ಆವಿ ಮುಚ್ಚಳವನ್ನು ಹಾರಿಸಿ ಕೈ ಸುಡುತ್ತದೆ. ಸೋಸಬೇಡಿ. ಬೆಂದ ಬೇಳೆಯೇ ಮಂದ ಮಾಡುವಾಗ ಕಾರ್ನ್‌ಫ್ಲೋರಿನ ಹಂಗೇಕೆ?

ರುಬ್ಬಿದ್ದಕ್ಕೆ ಎರಡು ಕಪ್ ಬಿಸಿನೀರು, ಹೆಚ್ಚಿಟ್ಟ ತರಕಾರಿ ಹಾಕಿ, ಮುಚ್ಚದೆ ಎಂಟು ನಿಮಿಷ ಕುದಿಸಿ. ಅಲಸಂಡೆ ಹಲ್ಲಿಗೆ ಸಿಗುವಷ್ಟು ಗಟ್ಟಿ ಇರಲಿ. ಅಗಿದು ತಿಂದಾಗ ನಿಧಾನವಾಗುತ್ತದೆ, ಹೊಟ್ಟೆಗೂ ತಿಂದ ಹಾಗಾಗುತ್ತದೆ. ಕೊನೆಗೆ ಮುಕ್ಕಾಲು ಚಹಾ ಚಮಚ ಉಪ್ಪು, ಜಜ್ಜಿದ ಒಳ್ಳೆಮೆಣಸು. ಲಿಂಬೆಹುಳಿ ಒಲೆಯಿಂದ ಇಳಿಸಿದ ಮೇಲೆ. ಬಟ್ಟಲಿಗೆ ಸುಮಾರು 80 ಕ್ಯಾಲೊರಿ ಬೀಳುತ್ತದೆ.

ಇಷ್ಟಾದರೂ ಬಟ್ಟಲಿಗೆ ಪ್ರೋಟೀನ್ ಮೂರು ಗ್ರಾಂ ಚಿಲ್ಲರೆ ಮಾತ್ರ. ರಾತ್ರಿಯ ಊಟ ಇದೇ ಎನ್ನುವುದಾದರೆ ಎರಡು ಬಟ್ಟಲು ಸೂಪ್, ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಬಟ್ಟಲು ಮೊಳಕೆ ಹೆಸರು ತಿನ್ನಿ. ಸೂಪ್ ಕುಡಿದು ಆಮೇಲೆ ಎಂದಿನಷ್ಟೇ ಗಂಜಿ ಉಂಡರೆ ಸೂಪಿನ ಕ್ಯಾಲೊರಿಯೂ ಲೆಕ್ಕಕ್ಕೆ ಸೇರಿತು ಎಂದೇ ಅರ್ಥ.

ಇನ್ನೊಂದು ಮಾತು, ಇದನ್ನು ಹಗುರ ಮಾಡಬೇಡಿ: ಸೋರೆ, ಸೌತೆ ಹೆಚ್ಚುವ ಮೊದಲು ಒಂದು ಚೂರು ನಾಲಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಆ ಕಹಿ ವಿಷ; ಕುದಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರುತ್ತದೆ.

ಪ್ರಶ್ನೆ: ಬಸಳೆ ಸೂಪ್ ಲೋಳೆಯಾಗಿ ಮಕ್ಕಳು ಮುಟ್ಟುವುದಿಲ್ಲ.
– ಓದುಗರು, ಮಲ್ಪೆ

ಉತ್ತರ: ರುಬ್ಬಿದ್ದೇ ತಪ್ಪು. ಮಿಕ್ಸಿಯಲ್ಲಿ ಲೋಳೆ ಪೂರ್ತಿ ಹೊರಗೆ ಬರುತ್ತದೆ. ದಂಟನ್ನು ಗಸಿಗೆ ಬಿಡಿ, ಸೂಪಿಗೆ ಎಲೆ ಮಾತ್ರ ಸಾಕು. ತೊಳೆದು ನೀರಾರಿಸಿ, ಹೆಚ್ಚಿ, ಮೇಲಿನ ಸೂಪಿಗೆ ಕೊನೆಯ ಮೂರು ನಿಮಿಷದಲ್ಲಿ ಹಾಕಿ. ನಾಲ್ಕು ಒಣ ಪುನರ್ಪುಳಿ ಸಿಪ್ಪೆಯನ್ನು ಅರ್ಧ ಕಪ್ ಬಿಸಿನೀರಲ್ಲಿ ನೆನೆಸಿ ಆ ನೀರನ್ನು ಬೆರೆಸಿ, ಆಗ ಲಿಂಬೆ ಬೇಡ. ಹುಳಿ ಬಿದ್ದರೆ ಲೋಳೆ ತಗ್ಗುತ್ತದೆ. ಬಣ್ಣ ಸ್ವಲ್ಪ ಕಪ್ಪಾದೀತು, ರುಚಿ ಕೆಡುವುದಿಲ್ಲ.

ಪ್ರಶ್ನೆ: ಪ್ಯಾಕೆಟ್ ಸೂಪ್ ಆಗುತ್ತದೆಯೇ?
– ಓದುಗರು, ಮಣಿಪಾಲ

ಉತ್ತರ: ಕ್ಯಾಲೊರಿ ಕಡಿಮೆಯೇ ಇರಬಹುದು, ನೋಡಬೇಕಾದ್ದು ಹಿಂಬದಿಯ ಸೋಡಿಯಂ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ, ಅಂದರೆ ಉಪ್ಪು 5 ಗ್ರಾಂ ಒಳಗೆ. ಉಪ್ಪಿನಕಾಯಿ, ಸಂಡಿಗೆಯದ್ದೂ ಅದರಲ್ಲೇ ಸೇರಬೇಕು.

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ, ರಾತ್ರಿ ಮಾತ್ರೆ ಇದೆ. ಬರೀ ಸೂಪ್ ಕೊಡಬಹುದೇ?
– ಓದುಗರು, ಕಾಪು

ಉತ್ತರ: ಬೇಡ. ಕೆಲವು ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಊಟ ಕಡಿಮೆ ಮಾಡಿದರೆ ರಾತ್ರಿ ಸಕ್ಕರೆ ಏಕಾಏಕಿ ಇಳಿಯಬಹುದು. ಮಾತ್ರೆಯ ಚೀಟಿ ಹಿಡಿದು ವೈದ್ಯರನ್ನು ಕೇಳಿ. ಅಲ್ಲಿಯ ತನಕ ಎಂದಿನ ಊಟ ಇರಲಿ, ಸೂಪ್ ಅದರ ಜೊತೆಗೆ ಅರ್ಧ ಬಟ್ಟಲು.