ಮನೆಯಲ್ಲಿ ಕಲಿತ ಕನ್ನಡಕ್ಕೆ ವಾಷಿಂಗ್ಟನ್ ರಾಜ್ಯದ ಹೈಸ್ಕೂಲಿನಲ್ಲಿ ಕ್ರೆಡಿಟ್ ಸಿಗುತ್ತದೆಯೇ?

ಸಿಗುತ್ತದೆ. ನಿಮ್ಮ ಮಗಳು ಸಿಯಾಟಲ್ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾಳೆ ಅಂದಿದ್ದೀರಿ. ಅಲ್ಲಿ ಹೈಸ್ಕೂಲ್ ಮುಗಿಸಲು 24 ಕ್ರೆಡಿಟ್ ಬೇಕು, ಅಂದರೆ ವಿಷಯಗಳನ್ನು ಪೂರೈಸಿದ್ದಕ್ಕೆ ಸಿಗುವ ಲೆಕ್ಕದ ಅಂಕ. ಅದರಲ್ಲಿ ಎರಡು ಸಾಮಾನ್ಯವಾಗಿ ವಿಶ್ವಭಾಷೆಗೆ, ಅಂದರೆ ಇಂಗ್ಲಿಷ್ ಅಲ್ಲದ ಭಾಷೆಗೆ ಮೀಸಲು. ತರಗತಿಯಲ್ಲಿ ಕೂತಿರಲೇಬೇಕು ಅಂತಿಲ್ಲ. ಭಾಷೆ ಬರುತ್ತದೆ ಎಂದು ಪರೀಕ್ಷೆಯಲ್ಲಿ ತೋರಿಸಿದರೆ ಸಾಕು. ಎಲ್ಲಿ ಕಲಿತೆ ಅಂತ ಯಾರೂ ಕೇಳುವುದಿಲ್ಲ, ಅಜ್ಜಿ ಹತ್ತಿರವಾದರೂ ಸರಿ!

ಅವಾಂತ್ ಕಂಪನಿಯ ಸ್ಟ್ಯಾಂಪ್ ಎಂಬ ಭಾಷಾ ಪರೀಕ್ಷೆ ಕನ್ನಡದಲ್ಲೂ ಇದೆ. ಬರೆಯಬೇಕು, ಮಾತಾಡಬೇಕು. ಫಲಿತಾಂಶವನ್ನು ಮಟ್ಟಗಳಲ್ಲಿ ಹೇಳುತ್ತಾರೆ: ನಾವಿಸ್ ಅಂದರೆ ಆರಂಭದ ಹಂತ, ಇಂಟರ್‌ಮೀಡಿಯೆಟ್ ಅಂದರೆ ಅದರ ಮೇಲಿನ ಹಂತ; ಲೋ, ಮಿಡ್, ಹೈ ಅಂದರೆ ಆ ಹಂತದೊಳಗಿನ ಕೆಳಗಿನ, ನಡುವಿನ, ಮೇಲಿನ ಮಟ್ಟ. ನಾವಿಸ್ ಮಿಡ್ ಮಟ್ಟಕ್ಕೆ 1 ಕ್ರೆಡಿಟ್, ನಾವಿಸ್ ಹೈಗೆ 2, ಇಂಟರ್‌ಮೀಡಿಯೆಟ್ ಲೋಗೆ 3, ಇಂಟರ್‌ಮೀಡಿಯೆಟ್ ಮಿಡ್‌ಗೆ 4.

ಒಂದು ಮಾತು. ಇಲ್ಲಿನ ನಮ್ಮ ಮಕ್ಕಳು ಮಾತಿನಲ್ಲಿ ಜೋರು, ಬರವಣಿಗೆಯಲ್ಲಿ ಎಡವುವುದೇ ಜಾಸ್ತಿ. 'ಅಮ್ಮ ಅಡುಗೆ ಮಾಡ್ತಿದ್ದಾಳೆ' ಅಂತ ಪಟಪಟ ಹೇಳುವ ಹುಡುಗಿ, ಬರೆಯುವಾಗ 'ಅಮ'ದಲ್ಲೇ ನಿಂತುಬಿಡುತ್ತಾಳೆ, ಅಲ್ವಾ? ಕ್ರೆಡಿಟ್ ಲೆಕ್ಕ ಹಾಕುವಾಗ ಬರವಣಿಗೆಯೂ ಬೇಕು. ಹಾಗಾಗಿ ಪರೀಕ್ಷೆಗೆ ಮೊದಲು ಕೆಲವು ತಿಂಗಳು ದಿನಾ ಅರ್ಧ ಪುಟ ಬರೆಸಿ, ಒತ್ತಕ್ಷರ ತಿದ್ದಿಸಿ.

ನಿಯಮ ಜಾರಿ ಮಾಡುವುದು ಆಯಾ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ದಿನಾಂಕ, ಶುಲ್ಕ ಎಲ್ಲ ಶಾಲೆಯ ಕೌನ್ಸೆಲರ್ ಹತ್ತಿರ ಕೇಳಿ. ಒಂಬತ್ತನೇ ತರಗತಿಯಲ್ಲೇ ಕೇಳಿದರೆ ಒಳ್ಳೆಯದು.