‘ಸಿಸ್ಟರ್‌ಗೇನು ತಿಳಿಯುತ್ತದೆ?’: ಓದುಗರ ಪತ್ರಗಳಿಗೆ ಉತ್ತರ

ನರ್ಸಿಂಗ್ ವೃತ್ತಿಯನ್ನು ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ತಿಂಗಳು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿ ಇಲ್ಲಿ ಕೊಡಲಾಗಿದೆ. ವಿಜಯಪುರದಲ್ಲಿ 26 ವರ್ಷ ವಾರ್ಡುಗಳಲ್ಲಿ ದುಡಿದು, ಆಮೇಲೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳಿ ನಿವೃತ್ತರಾದ ಹಿರಿಯ ಶುಶ್ರೂಷಕಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನನ್ನ ಮಗಳು ಪಿಯುಸಿ ವಿಜ್ಞಾನದಲ್ಲಿ ಪಾಸಾಗಿ, ವಿಜಯಪುರದಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ನನಗೆ ಅಭ್ಯಂತರವಿಲ್ಲ. ಆದರೆ ನನ್ನ ಅಣ್ಣಂದಿರು, ‘ನರ್ಸಬಾಯಿ ಕೆಲಸಕ್ಕೆ ಹಚ್ಚಿದರೆ ನಾಳೆ ಬೀಗತನಕ್ಕೆ ಯಾರು ಬರುತ್ತಾರೆ? ರಾತ್ರಿಪಾಳಿ ಮಾಡಬೇಕು, ಪರಗಂಡಸರ ಮೈ ಮುಟ್ಟಬೇಕು, ಹೊಲಸು ಬಳಿಯಬೇಕು. ಡಾಕ್ಟರು ಹೇಳಿದ್ದನ್ನು ಮಾಡುವುದಕ್ಕೆ ನಾಲ್ಕು ವರ್ಷ ಓದು ಬೇರೆ ಬೇಕೇ?’ ಎನ್ನುತ್ತಾರೆ. ಅವರಿಗೆ ಏನು ಹೇಳಲಿ?
– ರೈತ ತಂದೆ, ಸಿಂದಗಿ ತಾಲ್ಲೂಕು

ಉತ್ತರ: ನಿಮ್ಮ ಅಣ್ಣಂದಿರ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಆಕ್ಷೇಪಗಳ ಬೇರೂ ಅಲ್ಲಿಯೇ ಇದೆ. ಡಾಕ್ಟರು ಹೇಳುತ್ತಾರೆ, ನರ್ಸು ಮಾಡುತ್ತಾಳೆ ಎಂಬ ಚಿತ್ರ ನಮ್ಮ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ. ವೈದ್ಯರು ಒಬ್ಬ ರೋಗಿಯ ಹತ್ತಿರ ದಿನಕ್ಕೆ ಕೆಲವು ನಿಮಿಷ ನಿಲ್ಲಬಲ್ಲರು. ಉಳಿದ ಹೊತ್ತಿನಲ್ಲಿ ರೋಗಿಯ ಸ್ಥಿತಿ ಹೇಗೆ ಬದಲಾಗುತ್ತಿದೆ ಎಂಬುದನ್ನು ಗುರುತಿಸಿ, ಯಾವಾಗ ವೈದ್ಯರನ್ನು ಕರೆಸಬೇಕು ಎಂದು ತೀರ್ಮಾನಿಸುವವಳು ನರ್ಸು. ಒಂದು ರಾತ್ರಿ ಹೆರಿಗೆ ವಾರ್ಡಿನಲ್ಲಿ ಬಾಣಂತಿಯೊಬ್ಬಳು ‘ಆರಾಮ ಇದ್ದೇನೆ ಸಿಸ್ಟರ್’ ಎನ್ನುತ್ತಿದ್ದಳು. ಬಿ.ಪಿ. ಸರಿಯಾಗಿಯೇ ಇತ್ತು. ಆದರೆ ಅರ್ಧ ತಾಸಿನ ಹಿಂದೆ 84 ಇದ್ದ ನಾಡಿ 118ಕ್ಕೆ ಏರಿತ್ತು. ರಕ್ತ ಹೋಗುತ್ತಿರುವಾಗ ಶರೀರವು ಮೊದಲು ನಾಡಿಯನ್ನು ಓಡಿಸಿ ಬಿ.ಪಿ.ಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿ.ಪಿ. ಇಳಿಯುವ ಹೊತ್ತಿಗೆ ಬಹಳಷ್ಟು ರಕ್ತ ಹೋಗಿಬಿಟ್ಟಿರುತ್ತದೆ. ಹೊಟ್ಟೆ ಮುಟ್ಟಿ ನೋಡಿದರೆ, ಚೆಂಡಿನಂತೆ ಗಟ್ಟಿಯಾಗಿರಬೇಕಾದ ಗರ್ಭಕೋಶ ಮೆತ್ತಗಿತ್ತು. ಅದು ಬಿಗಿಯಾಗದಿದ್ದರೆ ರಕ್ತ ನಿಲ್ಲುವುದಿಲ್ಲ. ಒಂದು ಕೈಯಿಂದ ಅದನ್ನು ನೀವುತ್ತಲೇ ಆಯಾಳನ್ನು ವೈದ್ಯರ ಕೋಣೆಗೆ ಓಡಿಸಿದೆ. ಅವರು ಬರುವಷ್ಟರಲ್ಲಿ ಸಲೈನು, ಇಂಜೆಕ್ಷನ್ನು ಎಲ್ಲ ಸಿದ್ಧವಾಗಿತ್ತು. ಆ ಬಾಣಂತಿ ಐದನೆಯ ದಿನ ಕೂಸಿನೊಂದಿಗೆ ಮನೆಗೆ ಹೋದಳು. ನಾಡಿ ನೋಡು ಎಂದು ಆ ಹೊತ್ತಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಇನ್ಸುಲಿನ್ ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಹೆಚ್ಚು ಔಷಧ ಹೋಗಿ, ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪಬಹುದು. ವೈದ್ಯರು ಚೀಟಿಯಲ್ಲಿ ‘20 ಯೂನಿಟ್’ ಎಂದಷ್ಟೇ ಬರೆದಿರುತ್ತಾರೆ. ನಾಲ್ಕು ವರ್ಷ, ಎಂಟು ಸೆಮಿಸ್ಟರ್ ಓದಿಸುವುದು ಇದಕ್ಕಾಗಿ. ಅಂಗರಚನೆ, ಔಷಧಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಮನೋವಿಜ್ಞಾನ ಎಲ್ಲವೂ ಆ ಓದಿನಲ್ಲಿವೆ.

ಇನ್ನು ಮುಟ್ಟುವುದು, ಹೊಲಸು ಎಂಬ ಮಾತು. ಇದಕ್ಕೆ ಹಳೆಯ ಹಿನ್ನೆಲೆಯಿದೆ. ನಮ್ಮ ಹಿರಿಯರು ದೊಡ್ಡ ಕಾಯಿಲೆಗೆ ಮಹಾರಾಷ್ಟ್ರದ ಮಿರಜಿಗೆ ಹೋಗುತ್ತಿದ್ದರು. ಅಲ್ಲಿ ವಾನ್ಲೆಸ್ ಎಂಬ ವೈದ್ಯರು 1894ರಲ್ಲಿ ತೆರೆದ ಮಿಷನ್ ದವಾಖಾನೆಯ ಹೆಸರು ಈ ಭಾಗದ ಹಳ್ಳಿಹಳ್ಳಿಗೂ ಗೊತ್ತಿತ್ತು. ಅಂಥ ಮಿಷನ್ ಆಸ್ಪತ್ರೆಗಳಲ್ಲಿ ಆರಂಭದ ದಿನಗಳಲ್ಲಿ ಶುಶ್ರೂಷೆಯ ತರಬೇತಿಗೆ ಸೇರುತ್ತಿದ್ದವರು ಹೆಚ್ಚಾಗಿ ಕ್ರೈಸ್ತ ಹೆಣ್ಣುಮಕ್ಕಳು ಮತ್ತು ಗಂಡನನ್ನು ಕಳೆದುಕೊಂಡ ಹೆಂಗಸರು. ಮೇಲುಜಾತಿ ಎನಿಸಿಕೊಂಡ ಮನೆಗಳವರು ರಕ್ತ, ಮಲಮೂತ್ರ ಮುಟ್ಟುವುದು ಮೈಲಿಗೆ ಎಂದು ಮಗಳನ್ನು ಕಳುಹಿಸಲಿಲ್ಲ; ಆದರೆ ತಮಗೆ ಕಾಯಿಲೆಯಾದಾಗ ಅದೇ ಕೈಗಳಿಂದ ಉಪಚಾರ ಮಾಡಿಸಿಕೊಂಡರು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರೆಂದು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಹುಟ್ಟು, ಸಾವು, ಮುಟ್ಟಿನ ರಕ್ತ, ಎಂಜಲು, ಎಲ್ಲ ಜಾತಿಯವರ ಮೈ ಈ ಐದನ್ನೂ ನರ್ಸು ಒಂದೇ ಪಾಳಿಯಲ್ಲಿ ಮುಟ್ಟಿರುತ್ತಾಳೆ. ಸಭೆಯಲ್ಲಿ ಚಪ್ಪಾಳೆ ತಟ್ಟಿದವರೇ ಮನೆಗೆ ಬಂದು ಆ ಕೆಲಸ ಹೊಲಸು ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಬೀಗತನದ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳಲಾರೆ. ರಾತ್ರಿಪಾಳಿಯ ಹುಡುಗಿ ಬೇಡ ಎನ್ನುವ ಮನೆಗಳು ಇಂದಿಗೂ ಇವೆ. ಅವೇ ಮನೆಗಳವರು, ಹುಡುಗಿಗೆ ಸರ್ಕಾರಿ ಹುದ್ದೆ ಸಿಕ್ಕ ಸುದ್ದಿ ಕೇಳಿದೊಡನೆ ಮಧ್ಯಸ್ಥರನ್ನು ಕಳುಹಿಸಿದ್ದನ್ನೂ ಕಂಡಿದ್ದೇನೆ. ಹಾಗಿದ್ದರೆ ಅವರ ತಕರಾರು ರಾತ್ರಿಯ ಬಗ್ಗೆ ಇರಲಿಲ್ಲವೆಂದಾಯಿತು. ರಾತ್ರಿಪಾಳಿಯ ನಿಜವಾದ ಕಷ್ಟಗಳು ಬೇರೆ. ನಿದ್ದೆಗೆಡುವುದು, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವುದು, ಪಾಳಿ ಮುಗಿಸಿ ಮನೆ ಸೇರಲು ವಾಹನವಿಲ್ಲದಿರುವುದು. ಕೇಳುವುದಾದರೆ ಅವುಗಳ ಬಗ್ಗೆ ಕೇಳಬೇಕು.

ನಿಮ್ಮ ಅಣ್ಣಂದಿರು ಎತ್ತದ, ಆದರೆ ತಂದೆಯಾಗಿ ನೀವು ಯೋಚಿಸಲೇಬೇಕಾದ ಪ್ರಶ್ನೆ ಸಂಬಳದ್ದು. ಸರ್ಕಾರಿ ಹುದ್ದೆಗೂ ಸಣ್ಣ ಖಾಸಗಿ ನರ್ಸಿಂಗ್ ಹೋಮಿಗೂ ಅಂತರ ಬಹಳ. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸುಗಳಿಗೆ ಸಮನಾದ ವೇತನ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು ಎಂದು 2016ರಲ್ಲಿಯೇ ಶಿಫಾರಸು ಮಾಡಿತ್ತು. ಅದನ್ನು ಪಾಲಿಸದ ಆಡಳಿತ ಮಂಡಳಿಗಳೇ ಪ್ರತಿ ಮೇ 12ರಂದು, ಆಧುನಿಕ ಶುಶ್ರೂಷೆಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಜನ್ಮದಿನದಲ್ಲಿ, ನಮ್ಮನ್ನು ದೇವತೆಗಳೆಂದು ಕರೆದು ಗುಲಾಬಿ ಹೂವು ಕೊಡುತ್ತವೆ. ದೇವತೆಗೆ ಪಗಾರ ಕೊಡಬೇಕಾಗಿಲ್ಲವಲ್ಲ! ದೀಪ ಹಿಡಿದ ಕರುಣಾಮಯಿ ಎಂದು ನಾವು ಪೂಜಿಸುವ ಆ ನೈಟಿಂಗೇಲ್, ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಅಂಕಿಸಂಖ್ಯೆಗಳ ನಕ್ಷೆ ಬರೆದು ತೋರಿಸಿದ ಸಂಖ್ಯಾಶಾಸ್ತ್ರಜ್ಞೆಯೂ ಆಗಿದ್ದರು. ಆ ಭಾಗವನ್ನು ಯಾವ ಭಾಷಣಕಾರರೂ ಎತ್ತುವುದಿಲ್ಲ.

ಕಾಲೇಜು ಆರಿಸುವಾಗ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಸ್ವಂತ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗಳಿವೆ, ಅವುಗಳಲ್ಲಿ ನಿಜವಾಗಿ ರೋಗಿಗಳು ಇರುತ್ತಾರೆಯೇ ಎಂಬುದನ್ನು ಖುದ್ದಾಗಿ ಹೋಗಿ ನೋಡಿರಿ. ಅಣ್ಣಂದಿರನ್ನೂ ಕರೆದುಕೊಂಡು ಹೋಗಿರಿ.

ಪ್ರಶ್ನೆ: ನಾನು ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಎರಡನೆಯ ವರ್ಷದ ವಿದ್ಯಾರ್ಥಿ. ಊರಿಗೆ ಹೋದರೆ ಗೆಳೆಯರು ‘ಗಂಡಸಾಗಿ ಹೆಂಗಸರ ಕೆಲಸವೇ’ ಎಂದು ನಗುತ್ತಾರೆ. ಮಹಿಳಾ ವಾರ್ಡಿನಲ್ಲಿ ಕೆಲವರು ನನ್ನಿಂದ ಇಂಜೆಕ್ಷನ್ ಸಹ ಮಾಡಿಸಿಕೊಳ್ಳುವುದಿಲ್ಲ. ಬಿಟ್ಟುಬಿಡಲೇ ಎನಿಸುತ್ತದೆ.
– ವಿದ್ಯಾರ್ಥಿ, ಜಮಖಂಡಿ

ಉತ್ತರ: ತಮ್ಮಾ, ಎರಡು ಸಂಗತಿಗಳನ್ನು ಬೇರೆ ಬೇರೆ ಮಾಡಿ ನೋಡು. ವಾರ್ಡಿನ ಹೆಣ್ಣುಮಗಳು ನಿನ್ನಿಂದ ಇಂಜೆಕ್ಷನ್ ಬೇಡ ಎಂದರೆ ಅದು ಅವಮಾನವಲ್ಲ, ಅವಳ ಹಕ್ಕು. ಏನು ಮಾಡಲಿದ್ದೇನೆ, ಏಕೆ ಎಂದು ಮೊದಲೇ ಹೇಳು, ಪರದೆ ಎಳೆ, ಮಹಿಳಾ ಸಹೋದ್ಯೋಗಿಯನ್ನು ಜೊತೆಗೆ ನಿಲ್ಲಿಸಿಕೋ; ಆಗಲೂ ಒಪ್ಪದಿದ್ದರೆ ಸಹೋದ್ಯೋಗಿಗೆ ಬಿಟ್ಟುಕೊಡು. ಗಂಡಸರ ವಾರ್ಡಿನಲ್ಲಿ ನಾಚಿಕೆಯಿಂದ ಮೂತ್ರ ತಡೆದುಕೊಂಡು ಮಲಗಿದ ಅಜ್ಜಂದಿರಿಗೆ ನಿನ್ನಂಥವನು ಬಂದರೆ ಎಷ್ಟು ನಿರಾಳವಾಗುತ್ತದೆ ಎಂಬುದನ್ನೂ ಗಮನಿಸು.

ಗೆಳೆಯರ ನಗೆ ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯಂತೆ ಜಗತ್ತಿನ ನರ್ಸುಗಳಲ್ಲಿ ಸುಮಾರು 90 ಪ್ರತಿಶತ ಮಹಿಳೆಯರು. ಆರೈಕೆ ಹೆಂಗಸರಿಗೆ ಹುಟ್ಟಿನಿಂದಲೇ ಬರುತ್ತದೆ ಎಂಬ ನಂಬಿಕೆಯಿಂದಲೇ, ಕಲಿತು ಬರುವ ವಿದ್ಯೆಯೊಂದು ಇದರಲ್ಲಿದೆ ಎಂಬುದು ಜನರಿಗೆ ಕಾಣದಾಗಿದೆ. ಆ ನಂಬಿಕೆ ನಿನ್ನನ್ನು ಹೊರಗಿಡುತ್ತದೆ, ನನ್ನಂಥವಳ ಕಲಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದರಲ್ಲೊಂದು ತಮಾಷೆಯೂ ಇದೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ರೋಗಿಗಳ ಕಡೆಯವರು ನಿನ್ನನ್ನು ‘ಡಾಕ್ಟ್ರೇ’ ಎಂದು ಕರೆಯುತ್ತಾರೆ, ನಿನ್ನ ಪಕ್ಕದಲ್ಲಿ ನಿಂತ ಎಂ.ಡಿ. ಮಾಡಿದ ವೈದ್ಯೆಯನ್ನು ‘ಸಿಸ್ಟರ್, ಸಲೈನ್ ಮುಗೀತು ನೋಡ್ರಿ’ ಎನ್ನುತ್ತಾರೆ. ನಾನು ಡಾಕ್ಟರಲ್ಲ, ನರ್ಸು ಎಂದು ಅಲ್ಲಿಯೇ ಸ್ಪಷ್ಟಪಡಿಸು. ಓದು ಬಿಡಬೇಡ.

ಪ್ರಶ್ನೆ: ನಮ್ಮ ತಾಯಿಯವರನ್ನು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಸೇರಿಸಿದ್ದೆವು. ನಾಲ್ಕು ಸಲ ಕರೆದರೂ ನರ್ಸು ಬರಲಿಲ್ಲ. ಬಂದವಳು ‘ಎಷ್ಟು ಸಲ ಕೂಗುತ್ತೀರಿ’ ಎಂದು ಸಿಡುಕಿದಳು. ನನ್ನ ಅಣ್ಣ ಸಿಟ್ಟಿನಿಂದ ಅವಳ ಮೇಲೆ ಕೈ ಎತ್ತಿದ, ನಾವು ಹಿಡಿದುಕೊಂಡೆವು. ಮೊದಲಿನವರಲ್ಲಿದ್ದ ಕರುಣೆ ಈಗಿನ ನರ್ಸುಗಳಲ್ಲಿ ಏಕಿಲ್ಲ?
– ಗೃಹಿಣಿ, ಗೋಕಾಕ

ಉತ್ತರ: ಆಕೆ ಸಿಡುಕಿದ್ದು ತಪ್ಪು, ಅದನ್ನು ಸಮರ್ಥಿಸುವುದಿಲ್ಲ. ನಾನೂ ಹೀಗೆ ಸಿಡುಕಿದ್ದೇನೆ. ಒಬ್ಬ ಮುದುಕಿಗೆ ನೀರು ಕೇಳಿದ್ದಕ್ಕೆ ಗದರಿದ್ದು ಇವತ್ತಿಗೂ ನೆನಪಿದೆ. ಆ ರಾತ್ರಿ 40 ಹಾಸಿಗೆಗಳ ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದ ಪ್ರಕಾರ, ವೈದ್ಯಕೀಯ ಕಾಲೇಜಿಗೆ ಸೇರದ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ನರ್ಸು, ತೀವ್ರ ನಿಗಾ ಘಟಕದಲ್ಲಿ ರೋಗಿಗೊಬ್ಬ ನರ್ಸು ಇರಬೇಕು. ನಿಮ್ಮ ತಾಯಿಯವರಿದ್ದ ವಾರ್ಡಿನಲ್ಲಿ ಎಷ್ಟು ಜನರಿದ್ದರು ಎಂದು ಎಣಿಸಿದ್ದಿರಾ? ಕರುಣೆ ಕಡಿಮೆಯಾಯಿತೆಂದು ಹೇಳುವ ಮೊದಲು ಆ ಎಣಿಕೆಯಾಗಬೇಕು, ಕೊರತೆ ಕಂಡರೆ ಆಡಳಿತವನ್ನು ಪ್ರಶ್ನಿಸಬೇಕು.

ಪಾಳಿ ಬದಲಾಗುವ ವೇಳೆ, ಅಂದರೆ ಸಾಮಾನ್ಯವಾಗಿ ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8ರ ಸುಮಾರಿಗೆ, ಪ್ರತಿ ರೋಗಿಯ ವಿವರವನ್ನು ಮುಂದಿನವರಿಗೆ ಒಪ್ಪಿಸುವ ಕೆಲಸ ನಡೆದಿರುತ್ತದೆ. ಔಷಧ ಅಳೆಯುತ್ತಿರುವಾಗಲೂ ನರ್ಸನ್ನು ಮಾತಿಗೆಳೆಯಬಾರದು. ತುರ್ತಿಲ್ಲದ ಬೇಡಿಕೆಗಳನ್ನು ಈ ಹೊತ್ತು ಬಿಟ್ಟು ಹೇಳಿದರೆ ಬೇಗ ನೆರವೇರುತ್ತವೆ. ಉಸಿರು, ರಕ್ತ, ಎಚ್ಚರ ತಪ್ಪುವುದು ಇವುಗಳಿಗೆ ಮಾತ್ರ ಯಾವ ಹೊತ್ತೂ ನೋಡದೆ ಕೂಗಿರಿ.

ನಿಮ್ಮ ಅಣ್ಣನ ವಿಷಯ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ 2009ರ ಕರ್ನಾಟಕದ ಕಾಯ್ದೆಯಲ್ಲಿ ನರ್ಸುಗಳೂ ಸೇರಿದ್ದಾರೆ. ಅದು ಜಾಮೀನುರಹಿತ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ ವಿಧಿಸಬಹುದು. ವೈದ್ಯರ ಮುಂದೆ ಕೈಕಟ್ಟಿ ನಿಂತಿದ್ದವರು ಹತ್ತು ನಿಮಿಷದ ಬಳಿಕ ನರ್ಸಿನ ಮೇಲೆ ಕೈ ಎತ್ತುವುದನ್ನು ಬಹಳ ಸಲ ನೋಡಿದ್ದೇನೆ, ಹಾಗಾಗಿ ಅದು ಬರೀ ಸಿಟ್ಟಿನ ಕೈಯೆಂದು ನನಗೆ ಅನಿಸುವುದಿಲ್ಲ. ದೂರು ಇದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ದಿನ, ಸಮಯ ಸಮೇತ ಬರೆದುಕೊಡಿ.

ಪ್ರಶ್ನೆ: ಸಿಸ್ಟರ್ ಎನ್ನಬೇಕೋ, ಮೇಡಂ ಎನ್ನಬೇಕೋ?
– ನಿವೃತ್ತ ಶಿಕ್ಷಕರು, ಇಳಕಲ್ಲ

ಉತ್ತರ: ಗುರುಗಳೇ, ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ನಮ್ಮ ಹುದ್ದೆಯ ಹೆಸರು ಶುಶ್ರೂಷಾಧಿಕಾರಿ. ಅಷ್ಟುದ್ದದ ಹೆಸರನ್ನು ನೋವಿನಲ್ಲಿ ಯಾರೂ ಕೂಗಲಾರರು. ಸಿಸ್ಟರ್ ಎಂಬುದು ಆಸ್ಪತ್ರೆಗಳಲ್ಲಿ ಸೇವೆ ಮಾಡುತ್ತಿದ್ದ ಕ್ರೈಸ್ತ ಸನ್ಯಾಸಿನಿಯರ ಕಾಲದಿಂದ ಉಳಿದುಬಂದ ಕರೆ. ನನಗೆ ಅದು ಹಿತವೇ. ಹಳ್ಳಿಯಿಂದ ಬಂದವರು ‘ಅಕ್ಕಾರ’ ಎಂದರೂ ಓಗೊಡುತ್ತೇನೆ. ಬೆರಳಿನಿಂದ ಚಿಟಿಕೆ ಹೊಡೆದು ಕರೆಯುವವರಿಗೆ ಮಾತ್ರ ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ತೋರಿಸಿ, ಓದಲು ಹೇಳುತ್ತಿದ್ದೆ.